ಸೆಲ್ಫ್ ಬಿಚ್ಚುವ ಮೊದಲು

ಕೀ ತಿರುಗಿಸಿದರೆ ಬಾನೆಟ್ಟಿನೊಳಗೆ ಬರೀ ಟಕ್ ಅನ್ನುತ್ತದೆ, ಎಂಜಿನ್ ಅಲುಗುವುದೇ ಇಲ್ಲ, ಸೆಲ್ಫ್ ಹೋಗಿದೆ ಅಂತ ಪಕ್ಕದ ಮನೆಯವರು ಹೇಳಿದರು, ನಾನೇ ಬಿಚ್ಚಿ ಬೇರೆ ಹಾಕಲಾ ದೊಡ್ಡಪ್ಪ ಎಂದು ಕೇಳಿದ್ದೀಯ. ಹಾಕು ಮಗಳೇ, ಧಾರಾಳವಾಗಿ ಹಾಕು. ನಿನ್ನ ಹಳೇ ಆಲ್ಟೊದ ಸೆಲ್ಫ್ ಮೋಟರನ್ನು ಹಿಡಿದು ನಿಲ್ಲಿಸಿರುವುದು ಕೆಲವೇ ಬೋಲ್ಟು. ಅದಕ್ಕೆ ಬಂದು ಸೇರುವುದು ಒಂದು ದಪ್ಪ ವೈರು, ಒಂದು ಸಣ್ಣ ವೈರು. ಇದು ಗಂಡಸರ ಕೆಲಸ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಸಣ್ಣ ಕಾರಿನ ಮೋಟರು ಮೂರು ನಾಲ್ಕು ಕೆಜಿ ತೂಗುತ್ತದೆ, ಅಷ್ಟೆ. ಅದಕ್ಕೆ ಬೇಕಾದ ತಾಳ್ಮೆ ನಿನ್ನಲ್ಲಿ ನಮ್ಮ ಮನೆಯ ಎಲ್ಲರಿಗಿಂತ ಹೆಚ್ಚಾಗಿದೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಸೆಲ್ಫ್ ಬದಲಿಸುವುದು ಒಂದು ಬೆಳಗಿನ ಕೆಲಸ. ಕೆಟ್ಟಿರುವುದು ಸೆಲ್ಫೇ ಹೌದೋ ಎಂದು ಗಟ್ಟಿಮಾಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ, ಜನ ಹಾರಿಸಿಬಿಡುವುದೂ ಅದನ್ನೇ. ಅಂಗಡಿಯಲ್ಲಿ ನನ್ನ ಮೇಜಿಗೆ ಬರುತ್ತಿದ್ದ ಮೋಟರುಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತಿದ್ದವು. ಬ್ಯಾಟರಿ ಕೊಟ್ಟ ಕೂಡಲೇ ಗಿರ್ರೆಂದು ತಿರುಗುತ್ತಿದ್ದವು. ದೋಷ ಕಾರಿನಲ್ಲೇ ಉಳಿದಿರುತ್ತಿತ್ತು, ಟರ್ಮಿನಲ್ಲಿನ ಮೇಲೋ, ಅರ್ತ್ ವೈರಿನ ತುದಿಯಲ್ಲೋ, ಇಲಿ ಕಡಿದ ಕಡೆಯಲ್ಲೋ. ತಂದವರು ಅರ್ಧ ದಿನ ಕಳೆದಿರುತ್ತಿದ್ದರು. ಕೆಲವರು ಹೊಸ ಮೋಟರಿಗೆ ದುಡ್ಡು ಕೊಟ್ಟೂ ಆಗಿರುತ್ತಿತ್ತು. ನಿನಗೆ ಹಾಗಾಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಈ ಮೋಟರಿನ ಸ್ವಭಾವ ತಿಳಿದುಕೋ. ಹಿಂದೆ ಕಾರಿರಲಿ ಬಸ್ಸಿರಲಿ, ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಸೆಲ್ಫ್ ಬಂದು ಎಷ್ಟೋ ಕಾಲವಾದ ಮೇಲೂ ಅಂಬಾಸಿಡರ್ ಕಾರಿನ ಡಿಕ್ಕಿಯಲ್ಲಿ ಒಂದು ಹ್ಯಾಂಡಲ್ ಬಿದ್ದಿರುತ್ತಿತ್ತು. ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತಿತ್ತು, ಕೈ ಮುರಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಹಾಕಬೇಡ, ಉಳಿದ ನಾಲ್ಕು ಬೆರಳಿನ ಜತೆಗೇ ಇಟ್ಟುಕೋ ಎನ್ನುವುದು ಕ್ಲೀನರ್ ಹುಡುಗರಿಗೆ ಸಿಗುತ್ತಿದ್ದ ಮೊದಲ ಪಾಠ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅದಕ್ಕೆ ಮೊದಲು ಆತ ಕ್ಯಾಶ್ ರಿಜಿಸ್ಟರ್ ತಯಾರಿಸುವ ಕಂಪನಿಯಲ್ಲಿದ್ದ. ಕೈಯಿಂದ ಹಿಡಿ ತಿರುಗಿಸಿ ನಡೆಸುತ್ತಿದ್ದ ಆ ಯಂತ್ರಕ್ಕೆ ಸಣ್ಣದೊಂದು ಮೋಟರ್ ಜೋಡಿಸಿದ್ದ. ಸಣ್ಣ ಮೋಟರಿನಿಂದಲೂ ಕೆಲವು ಕ್ಷಣದ ಮಟ್ಟಿಗೆ ಅದರ ಅಳತೆ ಮೀರಿದ ಕೆಲಸ ತೆಗೆಯಬಹುದು, ಆಮೇಲೆ ಬಿಡುವು ಕೊಟ್ಟರಾಯಿತು ಎಂಬುದು ಅವನಿಗೆ ಅಲ್ಲೇ ತಿಳಿದಿತ್ತು. ಇವತ್ತಿನ ಸೆಲ್ಫೂ ಅದೇ ಲೆಕ್ಕದ್ದು. ಸಣ್ಣ ಪೆಟ್ರೋಲ್ ಕಾರಿನಲ್ಲೂ ಅದು 100ರಿಂದ 200 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ ಒಳಗಿನ ತಂತಿ ಕಾಯುವುದಕ್ಕೆ ಹೆಚ್ಚು ಹೊತ್ತು ಬೇಡ. ಅದಕ್ಕೇ ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡ, ಮಧ್ಯೆ ಅರ್ಧ ನಿಮಿಷವಾದರೂ ಬಿಡು. ಗಾಡಿ ಸ್ಟಾರ್ಟ್ ಆಗದ ಸಿಟ್ಟಿನಲ್ಲಿ ಕೀ ಹಿಡಿದೇ ಕೂತವರ ಮೋಟರು ಬಿಚ್ಚಿದರೆ ಒಳಗೆ ತಿರುಗುವ ಆರ್ಮೇಚರ್ ಕಪ್ಪಾಗಿ ಸುಟ್ಟ ವಾರ್ನಿಷ್ ವಾಸನೆ ಹೊಡೆಯುತ್ತದೆ.

ಮೋಟರಿನ ಬೆನ್ನ ಮೇಲೆ ಇನ್ನೊಂದು ಗಿಡ್ಡ ಉರುಳೆ ಕೂತಿರುತ್ತದಲ್ಲ, ಅದು ಸೊಲೆನಾಯ್ಡ್. ಕೀ ತಿರುಗಿಸಿದಾಗ ಸಣ್ಣ ವೈರಿನಲ್ಲಿ ಕರೆಂಟು ಬಂದು ಅದನ್ನು ಎಬ್ಬಿಸುತ್ತದೆ. ಅದು ಒಂದು ಕಡೆ ಬೆಂಡಿಕ್ಸ್ ಎಂಬ ಸಣ್ಣ ಹಲ್ಲುಚಕ್ರವನ್ನು ಮುಂದಕ್ಕೆ ತಳ್ಳಿ ಫ್ಲೈವೀಲಿನ ರಿಂಗಿಗೆ ಹಲ್ಲು ಕಚ್ಚಿಸುತ್ತದೆ. ಇನ್ನೊಂದು ಕಡೆ ಒಳಗಿನ ದಪ್ಪ ತಾಮ್ರದ ಕಾಂಟ್ಯಾಕ್ಟುಗಳನ್ನು ಕೂಡಿಸಿ ಬ್ಯಾಟರಿಯ ಪೂರ್ತಿ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಬೆಂಡಿಕ್ಸಿಗೆ ಹತ್ತರ ಆಸುಪಾಸು ಹಲ್ಲು, ರಿಂಗಿಗೆ ನೂರರ ಸುತ್ತಮುತ್ತ. ಬೆಂಡಿಕ್ಸ್ ಹತ್ತು ಹನ್ನೆರಡು ಸುತ್ತು ಸುತ್ತಿದರೆ ಎಂಜಿನ್ ಒಂದು ಸುತ್ತು ಬರುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆ ಅದೇ ತಿರುಗಿಬಿದ್ದು ಮೋಟರನ್ನು ಎಳೆದು ಹಾಳುಮಾಡದ ಹಾಗೆ ಬೆಂಡಿಕ್ಸಿನೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇದೆ. ಇಷ್ಟು ಗೊತ್ತಿದ್ದರೆ ಸದ್ದು ಕೇಳಿಯೇ ಅರ್ಧ ಕಾಯಿಲೆ ಹಿಡಿಯಬಹುದು.

ಟಕಟಕಟಕ ಎಂದು ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಸೊಲೆನಾಯ್ಡ್ ಎಳೆದುಕೊಳ್ಳುತ್ತದೆ, ಮೋಟರ್ ಕರೆಂಟು ಎಳೆದ ಕೂಡಲೇ ವೋಲ್ಟೇಜ್ ಕುಸಿದು ಹಿಡಿತ ತಪ್ಪುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಆಗ ಮೋಟರಿನ ತಂಟೆಗೇ ಹೋಗಬೇಡ. ಏನೂ ಸದ್ದಿಲ್ಲದಿದ್ದರೆ ಸಣ್ಣ ವೈರಿನ ದಾರಿ ಹುಡುಕು: ಫ್ಯೂಸು, ರಿಲೇ, ಕೀ ಸ್ವಿಚ್ಚು, ಕೆಲವು ಕಾರುಗಳಲ್ಲಿ ಕ್ಲಚ್ ಪೆಡಲಿನ ಸ್ವಿಚ್ಚು. ಸುಯ್ ಎಂದು ಮೋಟರ್ ತಾನೊಂದೇ ತಿರುಗಿ ಎಂಜಿನ್ ಸುಮ್ಮನಿದ್ದರೆ ಬೆಂಡಿಕ್ಸಿನ ಕ್ಲಚ್ ಜಾರುತ್ತಿದೆ. ಕರಕರ ಎಂದು ಅರೆದರೆ ಹಲ್ಲಿನ ತೊಂದರೆ. ನಿನ್ನದು ಒಂದೇ ಟಕ್. ಅದರಲ್ಲಿ ಮೋಟರಿನ ಮೇಲೆ ಅನುಮಾನ ಪಡಲು ಕಾರಣ ಇದೆ, ಆದರೂ ತೀರ್ಪು ಕೊಡಲು ಇಷ್ಟು ಸಾಲದು.

ಸಂಜೆ ಗೋಡೆಯ ಎದುರಿಗೆ ನಿಲ್ಲಿಸಿ ಹೆಡ್‌ಲೈಟ್ ಹಾಕಿ ಕೀ ತಿರುಗಿಸು. ಬೆಳಕು ತೀರಾ ಮಂಕಾದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಅಥವಾ ಮೋಟರ್ ಸಿಕ್ಕಿಹಾಕಿಕೊಂಡು ವಿಪರೀತ ಎಳೆಯುತ್ತಿದೆ. ಪೂರ್ತಿ ಆರಿಹೋದರೆ ಟರ್ಮಿನಲ್ಲಿನ ಹಿಡಿತ ಕೆಟ್ಟಿದೆ. ಬೆಳಕು ಕದಲದೆ ಹಾಗೇ ಉರಿಯುತ್ತಿದ್ದು ಟಕ್ ಎಂದಷ್ಟೇ ಕೇಳಿದರೆ ಮೋಟರು ಕರೆಂಟು ಎಳೆಯುತ್ತಲೇ ಇಲ್ಲ ಎಂದು ಅರ್ಥ. ಮೀಟರ್ ಇಲ್ಲದ ಕಾಲದಲ್ಲಿ ನಾವು ನಂಬುತ್ತಿದ್ದುದು ಇದನ್ನೇ, ಈಗಲೂ ನನಗೆ ಇದರ ಮೇಲೆ ನಂಬಿಕೆ.

ನಿನಗೆ ಮಲ್ಟಿಮೀಟರ್ ಬೇಕೇ ಬೇಕು. ಸಾಧಾರಣದ್ದೇ ಸಾಕು. ರಾತ್ರಿಯಿಡೀ ನಿಂತಿದ್ದ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ. 12ಕ್ಕೆ ಬಂದಿದ್ದರೆ ಬರಿದಾಗುತ್ತ ಬಂದಿದೆ, ಮೊದಲು ಚಾರ್ಜ್ ಮಾಡಿಸು. ಆದರೆ 12.6 ನೋಡಿ ಮೋಸಹೋಗಬೇಡ. ಬಾವಿಯ ಹಗ್ಗ ಗಟ್ಟಿಯೋ ಅಲ್ಲವೋ ಎಂದು ತುಂಬಿದ ಕೊಡ ಎಳೆಯುವಾಗಲೇ ತಿಳಿಯುವ ಹಾಗೆ ಬ್ಯಾಟರಿಯ ಸತ್ವವೂ ಸೆಲ್ಫ್ ಹೊಡೆಯುವಾಗಲೇ ತಿಳಿಯುವುದು. ಎಂಜಿನ್ ತಿರುಗುತ್ತಿರುವಾಗ ಓದು 9.6ಕ್ಕಿಂತ ಕೆಳಗೆ ಇಳಿಯಬಾರದು.

ಆಮೇಲೆ ಟರ್ಮಿನಲ್. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದರ ಮೇಲೆ ಬಿಳಿ ಹಸಿರು ಪುಡಿ ಕಟ್ಟುವುದು ಸಾಮಾನ್ಯ, ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜು. ಸೋಡಾನೀರು ಬ್ಯಾಟರಿಯ ಮುಚ್ಚಳದ ತೂತಿನೊಳಗೆ ಹೋಗದಿರಲಿ. ಒಣಗಿಸಿ, ಒಳಮೈಯನ್ನು ಮರಳು ಕಾಗದದಿಂದ ಹೊಳೆಯುವ ಹಾಗೆ ತಿಕ್ಕಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರು. ಕೈಯಲ್ಲಿ ಹಿಡಿದು ತಿರುವಿದರೆ ಕೂದಲೆಳೆಯಷ್ಟೂ ಅಲುಗಕೂಡದು. ಎಷ್ಟೋ ಕಾರುಗಳ ಸೆಲ್ಫ್ ರಿಪೇರಿ ಇಲ್ಲಿಗೇ ಮುಗಿಯುತ್ತದೆ, ನಿನ್ನದೂ ಇಲ್ಲಿಗೇ ಮುಗಿಯಲಿ ಎಂದು ನನ್ನ ಆಸೆ.

ಎಲ್ಲರೂ ಮರೆಯುವುದು ಅರ್ತ್ ವೈರು. ಬ್ಯಾಟರಿಯ ನೆಗೆಟಿವಿನಿಂದ ಹೊರಟು ಬಾಡಿಗೆ, ಗೇರ್‌ಬಾಕ್ಸಿಗೆ ಹೋಗುವ ಕಪ್ಪು ವೈರು ಅಥವಾ ಹೆಣೆದ ತಾಮ್ರದ ಪಟ್ಟಿ. ಮೋಟರಿಗೆ ಬಂದ ಕರೆಂಟು ವಾಪಸು ಹೋಗಬೇಕಾದದ್ದು ಎಂಜಿನ್ ಮೈಯಿಂದ ಆ ದಾರಿಯಲ್ಲೇ. ಅದರ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿದ್ದರೆ ಹೊಸ ಬ್ಯಾಟರಿ, ಹೊಸ ಮೋಟರ್ ಎರಡೂ ಹಾಕಿದರೂ ಎಂಜಿನ್ ನರಳುತ್ತಲೇ ತಿರುಗುತ್ತದೆ. ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಗೂಟಕ್ಕೆ, ಇನ್ನೊಂದು ಮೋಟರಿನ ಮೈಗೆ ಒತ್ತು. ನಿನ್ನ ಅಪ್ಪ ಒಳಗೆ ಕೂತು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ. ಒಂದು ವೋಲ್ಟ್ ತೋರಿಸಿದರೆ ಅರ್ತೇ ಕಳ್ಳ. ಹಾಗೇ ಪಾಸಿಟಿವ್ ಗೂಟದಿಂದ ಮೋಟರಿನ ದಪ್ಪ ವೈರಿನ ಬೋಲ್ಟಿಗೆ ಹಿಡಿದಾಗ ಅರ್ಧ ವೋಲ್ಟು ದಾಟಬಾರದು. ಇದು ಮೋಟರ್ ಕರೆಂಟು ಎಳೆಯುತ್ತಿರುವಾಗ ಮಾತ್ರ ನಿಜ ಹೇಳುವ ಪರೀಕ್ಷೆ. ಹೆಡ್‌ಲೈಟ್ ಕದಲದೆ ಬರೀ ಟಕ್ ಅನ್ನುವ ಗಾಡಿಯಲ್ಲಿ ಕರೆಂಟೇ ಹರಿಯುತ್ತಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದು ಸುಳ್ಳು ಹೇಳುತ್ತದೆ.

ಅಂಥ ಗಾಡಿಗೆ ಬೇರೆ ಮೂರು ಓದು ತೆಗೆದುಕೋ, ಮೂರಕ್ಕೂ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಗೂಟದಲ್ಲೇ ಇರಲಿ. ಅಪ್ಪ ಕೀ ಹಿಡಿದಿರುವಾಗ ಸಣ್ಣ ವೈರಿನ ತುದಿಯಲ್ಲಿ ಹತ್ತು ವೋಲ್ಟಿಗಿಂತ ಹೆಚ್ಚು ಇದೆಯಾ ನೋಡು. ಇಲ್ಲವಾದರೆ ಮೋಟರ್ ನಿರಪರಾಧಿ, ಕೀಯಿಂದ ಅಲ್ಲಿಯವರೆಗಿನ ದಾರಿ ಹುಡುಕು. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಎಂದು ಎಂಜಿನ್ ಮೇಲೆ ಬಂದು ಮಲಗುವ ಇಲಿಗಳಿಗೆ ಈ ಸಣ್ಣ ವೈರೇ ಸುಲಭದ ತುತ್ತು. ಇದೆ ಎಂದಾದರೆ, ಸೊಲೆನಾಯ್ಡಿನ ಹಿಂಬದಿಯಲ್ಲಿರುವ ಎರಡು ದಪ್ಪ ಬೋಲ್ಟುಗಳನ್ನು ನೋಡು. ಒಂದಕ್ಕೆ ಬ್ಯಾಟರಿಯ ವೈರು, ಇನ್ನೊಂದರಿಂದ ಮೋಟರಿನೊಳಕ್ಕೆ ಹೋಗುವ ಗಿಡ್ಡ ತಾಮ್ರದ ಜಡೆ. ಟಕ್ ಎಂದಾಗ ಬ್ಯಾಟರಿ ಕಡೆಯ ಬೋಲ್ಟಿನಲ್ಲಿ 12 ವೋಲ್ಟ್ ಇದ್ದು ಜಡೆಯ ಕಡೆ ಏನೂ ಇಲ್ಲದಿದ್ದರೆ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿದೆ. ಜಡೆಯ ಕಡೆಗೂ ವೋಲ್ಟೇಜ್ ಬಂದು, ಅರ್ತೂ ಸರಿಯಿದ್ದು, ಮೋಟರ್ ಅಲುಗದಿದ್ದರೆ ಕಾರ್ಬನ್ ಬ್ರಷ್ ಸವೆದಿದೆ, ಇಲ್ಲವೇ ಆರ್ಮೇಚರ್ ಹೋಗಿದೆ. ಈ ಎರಡರಲ್ಲಿ ಒಂದು ಖಚಿತವಾದ ಮೇಲೆ ಸ್ಪ್ಯಾನರ್ ಕೈಗೆತ್ತಿಕೋ.

ಈ ಪರೀಕ್ಷೆಗಳೆಲ್ಲ ಗೇರು ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು ಮಾಡು. ಬಾನೆಟ್ಟಿನೊಳಗೆ ಬಗ್ಗುವಾಗ ಜಡೆ ಮೇಲೆ ಕಟ್ಟಿಕೋ, ದುಪ್ಪಟ್ಟಾ ತೆಗೆದಿಡು. ಎಂಜಿನ್ ಯಾವ ಗಳಿಗೆಯಲ್ಲಿ ಬೇಕಾದರೂ ಹೊತ್ತಿಕೊಳ್ಳಬಹುದು, ಬೆಲ್ಟು ಯಾರನ್ನೂ ಕೇಳುವುದಿಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೊಲೆನಾಯ್ಡಿನ ಬೋಲ್ಟುಗಳನ್ನು ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ವಿದ್ಯೆಯನ್ನು ಯಾರಾದರೂ ತೋರಿಸಬಹುದು. ಗೇರಿನಲ್ಲಿರುವ ಗಾಡಿ ಹಾಗೆ ಮಾಡಿದ ಕೂಡಲೇ ಮುಂದಕ್ಕೆ ನೆಗೆಯುತ್ತದೆ, ಮಾಡುವವರು ಅದರ ಮುಂದೆಯೇ ನಿಂತಿರುತ್ತಾರೆ. ನೀನು ಅದನ್ನು ಮಾಡಕೂಡದು. ಈ ಒಂದು ಮಾತಿಗೆ ದೊಡ್ಡಪ್ಪನ ಮೇಲಾಣೆ.

ಮೋಟರಿಗೆ ಸುತ್ತಿಗೆಯಲ್ಲಿ ತಟ್ಟು, ಓಡುತ್ತದೆ ಎಂದೂ ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಸವೆದ ಕಾರ್ಬನ್ ಬ್ರಷ್ ಗೂಡಿನಲ್ಲಿ ಸಿಕ್ಕಿಕೊಂಡಿದ್ದರೆ ತಟ್ಟಿದಾಗ ಜಾರಿ ಆರ್ಮೇಚರಿನ ತುದಿಯ ಕಮ್ಯುಟೇಟರಿಗೆ ತಾಗುತ್ತದೆ, ಒಂದೆರಡು ದಿನ ಗಾಡಿ ಓಡುತ್ತದೆ. ಆದರೆ ಈಗಿನ ಎಷ್ಟೋ ಮೋಟರುಗಳಲ್ಲಿ ಹಳೆಯ ಫೀಲ್ಡ್ ಕಾಯಿಲ್ ಬದಲು ಶಾಶ್ವತ ಅಯಸ್ಕಾಂತ ಇರುತ್ತದೆ. ಜೋರಾಗಿ ಹೊಡೆದರೆ ಅದು ಬಿರುಕುಬಿಟ್ಟು ಚೂರು ಆರ್ಮೇಚರಿಗೆ ಸಿಕ್ಕುತ್ತದೆ, ಆಮೇಲೆ ರಿಪೇರಿಯ ಮಾತೇ ಇಲ್ಲ. ದಾರಿಯಲ್ಲಿ ನಿಂತಾಗ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ನೋಡು, ಇಲ್ಲವೇ ಎರಡನೇ ಗೇರಿಗೆ ಹಾಕಿ ತಳ್ಳಿಸಿ ಮನೆ ಸೇರು. ಬ್ಯಾಟರಿ ಚೆನ್ನಾಗಿದ್ದು ಸೆಲ್ಫ್ ಒಂದೇ ಕೆಟ್ಟಿದ್ದರೆ ಗೇರಿನ ಕಾರು ತಳ್ಳಿದರೆ ಸ್ಟಾರ್ಟ್ ಆಗುತ್ತದೆ.

ಇನ್ನು ಬಿಚ್ಚುವುದು. ಎಂಜಿನ್ ಪೂರ್ತಿ ತಣ್ಣಗಿರಲಿ. ಕೈಬಳೆ, ಉಂಗುರ, ಗಡಿಯಾರ, ಕತ್ತಿನ ಸರ ಎಲ್ಲ ತೆಗೆದು ಒಳಗಿಡು. ಕಾರಣ ಹೇಳುತ್ತೇನೆ. ಕಾರಿನ ಬಹುಪಾಲು ವೈರುಗಳಿಗೆ ಫ್ಯೂಸಿನ ಕಾವಲಿದೆ, ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ವೈರಿಗೆ ಸಾಮಾನ್ಯವಾಗಿ ಅದಿಲ್ಲ. ಕೀ ತೆಗೆದಿದ್ದರೂ ಅದು ಜೀವಂತ. ಸ್ಪ್ಯಾನರಿನ ಒಂದು ತುದಿ ಆ ಬೋಲ್ಟಿಗೂ ಇನ್ನೊಂದು ತುದಿ ಎಂಜಿನ್ ಮೈಗೂ ತಾಗಿದರೆ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಅಲ್ಲಿ ಸುರಿಯುತ್ತದೆ. ಸ್ಪ್ಯಾನರ್ ಬೆಸುಗೆಯಾಗಿ ಕೂತುಬಿಡುತ್ತದೆ, ಮಧ್ಯೆ ಉಂಗುರ ಸಿಕ್ಕಿದರೆ ಬೆರಳು ಸುಟ್ಟು ಹೋಗುತ್ತದೆ. ಆದ್ದರಿಂದ ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ಕಳಚುವುದು. ನೆಗೆಟಿವೇ ಮೊದಲು, ಜೋಡಿಸುವಾಗ ನೆಗೆಟಿವೇ ಕೊನೆ. ಕಳಚಿದ ತುದಿಗೆ ಬಟ್ಟೆ ಸುತ್ತಿ, ಸ್ಪ್ರಿಂಗಿನ ಹಾಗೆ ವಾಪಸು ಬಂದು ತಾಗದಂತೆ ದೂರ ಕಟ್ಟು. ಕೋಡ್ ಕೇಳುವ ಸ್ಟೀರಿಯೊ ಇದ್ದರೆ ಆ ಕೋಡ್ ಎಲ್ಲಿದೆ ಎಂದು ಮೊದಲೇ ಹುಡುಕಿಟ್ಟುಕೋ.

ಮೋಟರು ಎಲ್ಲಿದೆ ಎಂದು ಹುಡುಕಲು ದಪ್ಪ ವೈರನ್ನು ಬ್ಯಾಟರಿಯಿಂದ ಹಿಡಿದುಕೊಂಡು ಹೋಗು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ಸಿಗುತ್ತದೆ. ಮೇಲಿನಿಂದ ಕೈ ತಲುಪಿದರೆ ಮೇಲಿನಿಂದಲೇ ಮಾಡು, ಏರ್ ಫಿಲ್ಟರ್ ಡಬ್ಬ ಕಳಚಬೇಕಾದರೂ ಸರಿ. ಕೆಳಗೆ ಹೋಗಲೇಬೇಕಾದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ, ಜಾಕಿನಿಂದ ಎತ್ತಿದ ಮೇಲೆ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು, ಒಮ್ಮೆ ಕಾರನ್ನು ಬಲವಾಗಿ ಅಲುಗಿಸಿ ನೋಡಿ ಆಮೇಲೆ ಮಲಗು. ಕಾರಿನ ಜತೆ ಬರುವ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಇಟ್ಟಿಗೆ, ಸೈಜುಗಲ್ಲು, ಸಿಮೆಂಟ್ ಬ್ಲಾಕು ಇವು ಯಾವುದೂ ಭಾರದಡಿಯಲ್ಲಿ ಮುನ್ಸೂಚನೆ ಕೊಟ್ಟು ಒಡೆಯುವುದಿಲ್ಲ. ಸ್ಟ್ಯಾಂಡ್ ಇಲ್ಲ ಎಂದಾದರೆ ಆ ದಿನ ಕೆಲಸ ಬೇಡ. ಹತ್ತಿರದ ಗ್ಯಾರೇಜಿನವರನ್ನು ಕೇಳಿದರೆ ಬಾಡಿಗೆಗೋ ಸ್ನೇಹಕ್ಕೋ ಕೊಡುತ್ತಾರೆ.

ವೈರು ಕಳಚುವ ಮೊದಲು ಫೋನಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆ. 10, 12, 14ರ ರಿಂಗ್ ಸ್ಪ್ಯಾನರ್, ಸಾಕೆಟ್, ಉದ್ದದ ಎಕ್ಸ್‌ಟೆನ್ಷನ್ ರಾಡು ಇದ್ದರೆ ಹೆಚ್ಚಾಗಿ ಸಾಕಾಗುತ್ತದೆ. ಬಾಯಿ ತೆರೆದ ಸ್ಪ್ಯಾನರನ್ನು ಬಿಗಿ ಬೋಲ್ಟಿಗೆ ಹಾಕಬೇಡ, ಮೂಲೆ ಸವೆದು ಬೋಲ್ಟು ದುಂಡಗಾದರೆ ಸುಲಭದ ಕೆಲಸ ಎರಡು ದಿನದ್ದಾಗುತ್ತದೆ. ಜಗ್ಗದ ಬೋಲ್ಟಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾಫಿ ಕುಡಿದು ಬಾ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ, ಅದರ ಮರೆಗೆ ಅವಸರ ಆಗದು. ಕೊನೆಯ ಬೋಲ್ಟು ಬರುವಾಗ ಇನ್ನೊಂದು ಕೈ ಮೋಟರಿನ ಅಡಿಯಲ್ಲಿರಲಿ, ಅದು ಮುಖದ ಮೇಲೆ ಬೀಳಬಾರದು, ವೈರಿನಲ್ಲಿ ಜೋತಾಡಲೂಬಾರದು.

ಮೋಟರು ಹೊರಗೆ ಬಂದ ಮೇಲೆ ಆ ತೂತಿನೊಳಗೆ ಟಾರ್ಚ್ ಬಿಟ್ಟು ರಿಂಗಿನ ಹಲ್ಲು ನೋಡು. ಇದನ್ನು ಬಿಡಬೇಡ ಮಗಳೇ, ಹೊಸ ಮೋಟರ್ ಹಾಕಿಯೂ ಕರಕರ ಸದ್ದು ಹೋಗಲಿಲ್ಲ ಎಂದು ಬರುವವರೆಲ್ಲ ಬಿಟ್ಟಿರುವುದು ಇದನ್ನೇ. ಎಂಜಿನ್ ಆಫ್ ಮಾಡಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ, ಯಾವುದೋ ಸಿಲಿಂಡರಿನ ಕಂಪ್ರೆಷನ್ ತಡೆದ ಕಡೆಯೇ ನಿಲ್ಲುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಅಂಥ ಜಾಗ ರಿಂಗಿನ ಮೇಲೆ ಎರಡು. ನಿನ್ನ 796 ಸಿಸಿ ಎಂಜಿನ್ನಿಗೆ ಮೂರೇ ಸಿಲಿಂಡರ್, ಅದಕ್ಕೆ ಮೂರು ಜಾಗ. ಬೆಂಡಿಕ್ಸ್ ವರ್ಷಗಟ್ಟಲೆ ಬಂದು ಕಚ್ಚುವುದು ಆ ಹಲ್ಲುಗಳನ್ನೇ, ಸವೆಯುವುದೂ ಅವೇ. ಕಾರನ್ನು ಗೇರಿಗೆ ಹಾಕಿ ಒಂದು ಮೊಳ ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎನ್ನುವ ಗಾಡಿಗಳ ಗುಟ್ಟು ಇದು. ಎಂಜಿನ್ನನ್ನು ಕ್ರ್ಯಾಂಕ್ ಬೋಲ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಪೂರ್ತಿ ಸುತ್ತು ನೋಡು. ಕಾರು ಸ್ಟ್ಯಾಂಡಿನ ಮೇಲಿದ್ದರೆ ಆ ಬಲ ಹಾಕುವಾಗ ನಿನ್ನ ಮೈ ಅದರ ಅಡಿಯಲ್ಲಿ ಇರಬಾರದು. ಹಲ್ಲಿನ ತುದಿ ಸ್ವಲ್ಪ ಸವೆದಿದ್ದರೆ ಸಹಿಸಬಹುದು. ಅರ್ಧ ಮುರಿದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು, ಅದು ಮನೆಯಂಗಳದ ಕೆಲಸವಲ್ಲ.

ಹಳೆಯ ಮೋಟರನ್ನು ಏನು ಮಾಡಬೇಕು? ಹೊಸದು ಕೊಳ್ಳುವ ಮೊದಲು ಅದನ್ನು ಬಿಚ್ಚಿಸಿ ನೋಡು ಎನ್ನುವುದು ನನ್ನ ಹಠ. ಕಾರ್ಬನ್ ಬ್ರಷ್ಷು, ಬುಷ್ಷು ಸವೆಯಲೆಂದೇ ಇರುವ ಸಾಮಾನು. ಅವಕ್ಕೆ ಕೆಲವು ನೂರು ರೂಪಾಯಿ, ಹೊಸ ಮೋಟರಿಗೆ ಸಾವಿರಗಟ್ಟಲೆ. ಕಮ್ಯುಟೇಟರ್ ಕಪ್ಪಾಗಿದ್ದರೆ ಲೇತಿನಲ್ಲಿ ಹಗುರಾಗಿ ಕಡೆದು, ತಾಮ್ರದ ಪಟ್ಟಿಗಳ ನಡುವಿನ ಮೈಕಾ ಕೆಳಕ್ಕೆ ಕೊರೆದು ಕೊಡುತ್ತಾರೆ. ಊರೂರಿನಲ್ಲಿ ಸೆಲ್ಫ್, ಡೈನಮೋ ರಿಪೇರಿ ಎಂದು ಬೋರ್ಡ್ ಹಾಕಿಕೊಂಡ ಪುಟ್ಟ ಅಂಗಡಿಗಳಿವೆಯಲ್ಲ, ಅಲ್ಲಿ ಕೂತ ಕೈಗಳಿಗೆ ಇದು ದಿನದ ಕೆಲಸ. ಅಲ್ಲಿ ನಿಂತು ನೋಡು, ಕೇಳು. ಆರ್ಮೇಚರ್ ಸುಟ್ಟಿದ್ದರೆ ಅಥವಾ ಬುಷ್ ಸವೆದು ಅದು ಗೋಡೆಗೆ ಉಜ್ಜಿ ಗೀರಾಗಿದ್ದರೆ ಮಾತ್ರ ಬೇರೆ ಮೋಟರಿನ ಮಾತು. ಮೋಟರಿನೊಳಗೆ ಎಣ್ಣೆ ಕಂಡರೆ ಮೇಲೆ ಎಲ್ಲೋ ಸೀಲ್ ಸೋರುತ್ತಿದೆ, ಅದನ್ನು ನಿಲ್ಲಿಸದೆ ಹೊಸದು ಹಾಕಿದರೆ ಅದೂ ಹೀಗೇ ಆಗುತ್ತದೆ. ನೀರು ತುಂಬಿದ ರಸ್ತೆಯಲ್ಲಿ ಕಾರು ಇಳಿಸಿದ ನೆನಪಿದ್ದರೆ ಅಂಗಡಿಯವರಿಗೆ ಅದನ್ನೂ ಹೇಳು.

ಹೊಸದೇ ಬೇಕೆಂದಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗು, ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಿಗೆ ಹೋದರೂ ಅಷ್ಟೆ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಮೋಟರು ಬಂದಿರಬಹುದು. ಎರಡನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು ಬೆಂಡಿಕ್ಸಿನ ಹಲ್ಲು ಎಣಿಸು, ಬೋಲ್ಟಿನ ತೂತುಗಳ ಅಂತರ, ಮೂತಿಯ ಉದ್ದ, ತಿರುಗುವ ದಿಕ್ಕು ಹೋಲಿಸು. ಮೈಮೇಲೆ ಕೊರೆದ ನಂಬರು ಓದು. ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ತೋರಿಸಲು ಕೇಳು. ಬಿಲ್ಲು, ವಾರಂಟಿ ಬರೆಸಿಕೊಳ್ಳದೆ ಬರಬೇಡ.

ಕೂರಿಸುವ ಮೊದಲು ಮೋಟರಿನ ಮೂತಿ ಗೇರ್‌ಬಾಕ್ಸಿಗೆ ತಾಗುವ ಮುಖವನ್ನು ಎರಡೂ ಕಡೆ ಒರೆಸಿ ತಿಕ್ಕು, ಅದೇ ಮೋಟರಿನ ಅರ್ತ್. ಬೋಲ್ಟುಗಳನ್ನು ಮೊದಲು ಬೆರಳಿನಲ್ಲೇ ಮೂರು ನಾಲ್ಕು ಮರೆ ಹತ್ತಿಸು, ಬೆರಳಿಗೆ ಬಗ್ಗದಿದ್ದರೆ ಓರೆಯಾಗಿದೆ, ತೆಗೆದು ಮತ್ತೆ ಹಾಕು. ಆಮೇಲೆ ಸ್ಪ್ಯಾನರಿನಲ್ಲಿ ಒಂದಾದ ಮೇಲೊಂದು ಸಮನಾಗಿ ಬಿಗಿ ಮಾಡು. ದಪ್ಪ ವೈರಿನ ನಟ್ಟಿಗೆ ಮಾತ್ರ ಮಣಿಕಟ್ಟಿನ ಬಲ ಸಾಕು. ಅದು ತಾಮ್ರದ ಬೋಲ್ಟು, ಅತಿಯಾಗಿ ಬಿಗಿದರೆ ಬೋಲ್ಟೇ ತಿರುಗಿ ಸೊಲೆನಾಯ್ಡಿನ ಮುಚ್ಚಳ ಒಡೆಯುತ್ತದೆ. ವೈರಿನ ಲಗ್ಗು ಮೈಗೆ ತಾಗದಂತೆ ಮುಖಮಾಡಿ ಕೂರಿಸು, ರಬ್ಬರ್ ಟೋಪಿ ಹಾಕಲು ಮರೆಯಬೇಡ. ಸಾಮಾನು ಎಣಿಸಿ ಹೊರಗೆ ತೆಗೆ, ಕಾರನ್ನು ನೆಲಕ್ಕಿಳಿಸು, ಕೊನೆಗೆ ನೆಗೆಟಿವ್ ಜೋಡಿಸು. ಆ ಕೊನೆಯ ಜೋಡಣೆಯಲ್ಲಿ ಸಣ್ಣ ಕಿಡಿ ಬಂದರೆ ಹೆದರಬೇಡ. ದೊಡ್ಡ ಕಿಡಿ ಹಾರಿದರೆ ಅಲ್ಲೇ ನಿಲ್ಲಿಸು, ಎಲ್ಲೋ ಶಾರ್ಟ್ ಆಗಿದೆ.

ಮೊದಲ ಸಲ ಸೆಲ್ಫ್ ಹೊಡೆಯುವಾಗ ನೆಗೆಟಿವ್ ಬಿಚ್ಚುವ ಸ್ಪ್ಯಾನರ್ ಹಿಡಿದು ಒಬ್ಬರು ಬ್ಯಾಟರಿ ಪಕ್ಕ ನಿಂತಿರಲಿ. ಅಪರೂಪಕ್ಕೆ ಸೊಲೆನಾಯ್ಡ್ ಅಂಟಿಕೊಂಡು, ಕೀ ತೆಗೆದರೂ ಮೋಟರ್ ತಿರುಗುತ್ತಲೇ ಇರುತ್ತದೆ. ಆಗ ನೆಗೆಟಿವ್ ಕಳಚುವುದೊಂದೇ ದಾರಿ. ಎಲ್ಲ ಸರಿಯಾಗಿ ಎಂಜಿನ್ ಓಡಿದರೆ ಬ್ಯಾಟರಿಗೆ ಮೀಟರ್ ಹಿಡಿ. 13.8ರಿಂದ 14.5ರವರೆಗೆ ತೋರಿಸಿದರೆ ಚಾರ್ಜಿಂಗ್ ಸರಿಯಿದೆ. ಅದು ಸರಿಯಿಲ್ಲದಿದ್ದರೆ ನಾಲ್ಕು ದಿನದಲ್ಲಿ ಬ್ಯಾಟರಿ ಸೋತು, ಹೊಸ ಸೆಲ್ಫೂ ಹೋಯಿತು ಎಂದು ನೀನು ನನಗೆ ಫೋನ್ ಮಾಡುತ್ತೀಯ.

ನಿನ್ನ ಗೆಳತಿಯೂ ಹೀಗೇ ತನ್ನ ಕಾರಿಗೆ ಮಾಡಬೇಕು ಅಂದಳು ಎಂದೆಯಲ್ಲ. ಅವಳದು ಹೈಬ್ರಿಡ್ ಆಗಿದ್ದರೆ ಬೇಡವೇ ಬೇಡ. ಪೂರ್ಣ ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ ಎಬ್ಬಿಸುವುದು ನೂರಾರು ವೋಲ್ಟಿನ ಬೇರೆ ಮೋಟರು, ಕಿತ್ತಳೆ ಬಣ್ಣದ ಆ ವೈರುಗಳಿಗೆ ಕಲಿಯದ ಕೈ ತಾಗಕೂಡದು. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರಾಗಿದ್ದರೆ ಅದರ ಬ್ಯಾಟರಿ, ಸೆಲ್ಫ್ ಎರಡೂ ಆ ಪಾಡಿಗೆಂದೇ ಗಟ್ಟಿಮಾಡಿದವು. ಅಗ್ಗಕ್ಕೆ ಸಿಕ್ಕಿತೆಂದು ಮಾಮೂಲಿಯದನ್ನು ಅಲ್ಲಿ ಹಾಕಬಾರದು.

ಭಾನುವಾರ ಶುರುಮಾಡಬೇಡ, ಸ್ಪೇರ್ ಅಂಗಡಿಗಳು ಮುಚ್ಚಿರುತ್ತವೆ, ಒಂದು ಬೋಲ್ಟು ತುಂಡಾದರೂ ಸೋಮವಾರ ಕಚೇರಿಗೆ ಬಸ್ಸೇ ಗತಿ. ಶನಿವಾರ ರಜೆಯಿದ್ದ ವಾರ ನೋಡಿ ಬೆಳಿಗ್ಗೆ ಬೇಗ ಕೈಹಾಕು. ಅದಕ್ಕೆ ಮುಂಚೆ, ನಾಳೆ ಸಂಜೆಯೇ, ಹೆಡ್‌ಲೈಟಿನ ಪರೀಕ್ಷೆ ಮಾಡಿ ಮೀಟರಿನ ಓದುಗಳನ್ನು ಬರೆದು ಕಳಿಸು. ಬ್ಯಾಟರಿ ನಿಂತಾಗ ಎಷ್ಟು, ಕೀ ಹಿಡಿದಾಗ ಎಷ್ಟು, ಸಣ್ಣ ವೈರಿನಲ್ಲಿ ಎಷ್ಟು, ಜಡೆಯ ಕಡೆ ಎಷ್ಟು. ಆ ಟಕ್ ಸದ್ದನ್ನೂ ಫೋನಿನಲ್ಲಿ ಹಿಡಿದು ಕಳಿಸು, ನಾನು ಕೇಳಿ ಹೇಳುತ್ತೇನೆ.